200 ಜನರ ದ್ವೀಪಕ್ಕೊಂದು ಸ್ವಂತ ಸ್ಥಳೀಯ ಸರ್ಕಾರ: ಉತ್ಸಿರಾ ಬಗ್ಗೆ ಒಂದು ಪ್ರಶ್ನೆ

ಶಿರಾ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿರಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ಅಣ್ಣನ ಮೊಬೈಲಿನ ನಕ್ಷೆಯಲ್ಲಿ ನಮ್ಮೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹುಡುಕುತ್ತಿದ್ದಾಗ ನಾರ್ವೆಯ ಪಶ್ಚಿಮ ಕರಾವಳಿಯಾಚೆ ಸಮುದ್ರದ ನಡುವೆ ‘ಉತ್ಸಿರಾ’ ಎಂಬ ಚುಕ್ಕೆಯೊಂದು ಕಣ್ಣಿಗೆ ಬಿದ್ದಿದೆ. ಮರುದಿನ ನೋಟ್ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಆ ದ್ವೀಪದ ಆಕಾರವನ್ನು ಪೆನ್ಸಿಲ್ಲಿನಲ್ಲಿ ಬರೆದು ತಂದು, “ಸಾರ್, ಇದಕ್ಕೂ ನಮ್ಮೂರಿಗೂ ಏನಾದರೂ ಸಂಬಂಧ ಇದೆಯಾ?” ಎಂದು ಕೇಳಿದಳು. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದೆ.

ನೋಡಹೊರಟಾಗ ಹೆಸರಿಗಿಂತ ದೊಡ್ಡ ಅಚ್ಚರಿ ಕಾದಿತ್ತು. ಆರು ಚದರ ಕಿಲೋಮೀಟರ್ ಆಸುಪಾಸಿನ, ಸುಮಾರು 200 ಜನರಿರುವ ಆ ದ್ವೀಪ ಯಾವುದೋ ಊರಿಗೆ ಸೇರಿದ ಬಡಾವಣೆಯೋ ಹಳ್ಳಿಯೋ ಅಲ್ಲ. ಅದೇ ಒಂದು ಪೂರ್ಣ ‘ಕೊಮ್ಯೂನೆ’, ಅಂದರೆ ತನ್ನದೇ ಚುನಾಯಿತ ಸಭೆ, ಅಧ್ಯಕ್ಷರು, ಆಯವ್ಯಯ ಎಲ್ಲವೂ ಇರುವ ಸ್ಥಳೀಯ ಸರ್ಕಾರ. ನಮ್ಮಲ್ಲಿ 200 ಜನ ಎಂದರೆ ಒಂದು ಹಟ್ಟಿ. ಗ್ರಾಮ ಪಂಚಾಯಿತಿಯಲ್ಲಿ ಒಬ್ಬ ಸದಸ್ಯನನ್ನು ಆರಿಸುವುದಕ್ಕೂ ಸಾಲದ ಸಂಖ್ಯೆ.

ತಿಳಿದವರಿಂದ ತಿಳಿಯಬೇಕಾದದ್ದು ಇಷ್ಟು. ‘ಕೊಮ್ಯೂನೆ’ ಎಂಬುದನ್ನು ಮಕ್ಕಳಿಗೆ ನಗರಸಭೆ ಎಂದು ಹೇಳಬೇಕೋ, ಗ್ರಾಮ ಪಂಚಾಯಿತಿ ಎಂದೋ? ಇಷ್ಟು ಕಡಿಮೆ ಜನರ ಸಭೆ ನಿಜವಾಗಿ ಏನು ಕೆಲಸ ಮಾಡುತ್ತದೆ? ದ್ವೀಪದ ಭೂಸ್ವರೂಪಕ್ಕೂ ಆ ಆಡಳಿತಕ್ಕೂ ಏನು ನಂಟು? ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಇದೆಯೇ?

ಗುಬ್ಬಿ ನಿವೃತ್ತ ಕಾರ್ಯದರ್ಶಿ

ಮೇಷ್ಟ್ರೇ, ಪಂಚಾಯಿತಿ ಕಚೇರಿಗಳಲ್ಲೇ ಮೂರು ದಶಕ ಕಳೆದವನು ನಾನು. ಹೊರದೇಶಗಳ ಸ್ಥಳೀಯ ಆಡಳಿತದ ಬಗ್ಗೆ ಓದುವುದು ನಿವೃತ್ತಿಯ ನಂತರ ಹಿಡಿದ ಹುಚ್ಚು. ನಿಮ್ಮ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ತೊಡಕಿನದು.

ನಗರಸಭೆ ಎನ್ನಬೇಡಿ. ನಮ್ಮಲ್ಲಿ ಊರು ದೊಡ್ಡದಾದಂತೆ ಸಂಸ್ಥೆಯ ಜಾತಿಯೇ ಬದಲಾಗುತ್ತದೆ. 1964ರ ಪುರಸಭೆಗಳ ಕಾಯ್ದೆಯ ಪ್ರಕಾರ 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅದಕ್ಕೆ ಮೇಲ್ಪಟ್ಟು 3 ಲಕ್ಷದವರೆಗೆ ನಗರಸಭೆ. ಹಳ್ಳಿಗಳಿಗೆ ಬೇರೆಯೇ ಕಾನೂನು, 1993ರ ಪಂಚಾಯತ್ ರಾಜ್ ಕಾಯ್ದೆ. ಅದರಲ್ಲಿ 5 ಸಾವಿರದಿಂದ 7 ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಮತ್ತು ಪ್ರತಿ 400 ಜನರಿಗೆ ಒಬ್ಬ ಸದಸ್ಯ ಎಂಬುದು ಸಾಮಾನ್ಯ ಲೆಕ್ಕ. ಮಲೆನಾಡು, ಕರಾವಳಿಯ ಜಿಲ್ಲೆಗಳಿಗೆ 2,500 ಜನರಿದ್ದರೂ ಸಾಕು ಎಂಬ ರಿಯಾಯಿತಿ ಇದೆ. ಕಾಡು ಮತ್ತು ಗುಡ್ಡದ ನಡುವೆ ಚದುರಿದ ಮನೆಗಳನ್ನು ಬಯಲುಸೀಮೆಯ ಅಳತೆಗೋಲಿನಲ್ಲಿ ಅಳೆಯಲಾಗದು ಎಂಬ ತಿಳಿವಳಿಕೆ ನಮ್ಮ ಕಾಯ್ದೆಗೂ ಇತ್ತು ಎಂಬುದಕ್ಕೆ ಇದೇ ಸಾಕ್ಷಿ.

ನಾರ್ವೆಯಲ್ಲಿ ಈ ಜಾತಿಭೇದವಿಲ್ಲ. 7 ಲಕ್ಷ ಜನಸಂಖ್ಯೆ ಮೀರಿದ ಓಸ್ಲೊ ಕೂಡ ಕೊಮ್ಯೂನೆ, ಸುಮಾರು 200 ಜನರ ಉತ್ಸಿರಾ ಕೂಡ ಕೊಮ್ಯೂನೆ. ದೇಶದಲ್ಲಿ ಈಗ ಇಂಥವು 357 ಇವೆ. ಗಾತ್ರ ಏನೇ ಇರಲಿ, ಕಾನೂನು ಹೊರಿಸುವ ಹೊಣೆ ಬಹುತೇಕ ಒಂದೇ: ಶಿಶುವಿಹಾರ, ಹತ್ತನೆಯ ತರಗತಿಯವರೆಗಿನ ಶಾಲೆ, ಪ್ರಾಥಮಿಕ ವೈದ್ಯಸೇವೆ, ವೃದ್ಧರ ಆರೈಕೆ, ಕುಡಿಯುವ ನೀರು, ಒಳಚರಂಡಿ, ಅಗ್ನಿಶಾಮಕ, ಜಮೀನು ಬಳಕೆಯ ಯೋಜನೆ. ಈ ಪಟ್ಟಿಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ಶಾಲೆಯ ಶಿಕ್ಷಕರನ್ನು ನೇಮಿಸಿ ಸಂಬಳ ಕೊಡುವುದು ಕೊಮ್ಯೂನೆ. ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ದಾದಿಯನ್ನು ಕಳಿಸುವುದೂ ಕೊಮ್ಯೂನೆ.

ನಾನು ಕೆಲಸ ಮಾಡಿದ ಪಂಚಾಯಿತಿಯೊಂದರ ಹಟ್ಟಿಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ಇದ್ದ ಒಬ್ಬರೇ ಶಿಕ್ಷಕಿ ವರ್ಗವಾಗಿ ಹೋದರು. ಸಾಮಾನ್ಯ ಸಭೆಯಲ್ಲಿ ಸದಸ್ಯರು ಸರ್ವಾನುಮತದಿಂದ ನಿರ್ಣಯ ಮಾಡಿದರು, ನಾನು ನಡಾವಳಿ ಪುಸ್ತಕದಲ್ಲಿ ಬರೆದೆ, ಪ್ರತಿಯನ್ನು ಸಂಬಂಧಪಟ್ಟ ಕಚೇರಿಗೆ ಕಳಿಸಿದೆವು. ಮುಂದಿನ ತಿಂಗಳು ಮತ್ತೆ ಅದೇ ನಿರ್ಣಯ, ಅದರ ಮುಂದಿನ ತಿಂಗಳೂ ಅದೇ. ನಾಲ್ಕನೆಯ ಸಲ “ಹಿಂದಿನ ಸಭೆಯ ನಿರ್ಣಯವನ್ನು ಪುನರುಚ್ಚರಿಸಲಾಯಿತು” ಎಂದು ಒಂದೇ ಸಾಲು ಬರೆದು ಮುಗಿಸಿದೆ. 15 ಸದಸ್ಯರ, 6 ಸಾವಿರ ಜನರ ಆ ಪಂಚಾಯಿತಿಗೆ ಒಬ್ಬ ಮೇಷ್ಟ್ರನ್ನು ತರುವ ಅಧಿಕಾರವಿರಲಿಲ್ಲ. ಬೀದಿದೀಪ ಉರಿಸುವುದು, ಚರಂಡಿ ತೆಗೆಸುವುದು, ನೀರುಗಂಟಿಗೆ ಸಂಬಳ ಕೊಡುವುದು, ಮನೆ ಕಂದಾಯ ವಸೂಲು ಮಾಡುವುದು ನಮ್ಮ ಕೈಯಲ್ಲಿತ್ತು. ಸಂವಿಧಾನದ 11ನೆಯ ಅನುಸೂಚಿಯಲ್ಲಿ 29 ವಿಷಯಗಳನ್ನು ಬರೆದಿದ್ದಾರೆ, ಅದರಲ್ಲಿ ಪ್ರಾಥಮಿಕ ಶಿಕ್ಷಣವೂ ಇದೆ. ಆದರೆ ಬರೆದದ್ದಕ್ಕೂ ಕೈಗೆ ಬಂದದ್ದಕ್ಕೂ ನಡುವಿನ ದೂರವನ್ನು ಆ ನಡಾವಳಿ ಪುಸ್ತಕ ನೋಡಿದವರು ಬಲ್ಲರು. ಆದ್ದರಿಂದ ಉತ್ಸಿರಾವನ್ನು ‘ಚಿಕ್ಕ ಪಂಚಾಯಿತಿ’ ಎಂದರೂ ಮಕ್ಕಳಿಗೆ ತಪ್ಪು ಚಿತ್ರ ಹೋಗುತ್ತದೆ. ಊರಿನ ಗಾತ್ರ ಹಟ್ಟಿಯದು, ಹೊಣೆಯ ಗಾತ್ರ ನಮ್ಮ ಜಿಲ್ಲಾ ಪಂಚಾಯಿತಿಯದು. ‘ಕೊಮ್ಯೂನೆ’ ಎಂದೇ ಬರೆಸಿ, ಅರ್ಥವನ್ನು ವಿವರಿಸಿ.

ರಚನೆ ಹೀಗಿದೆ. ನಾಲ್ಕು ವರ್ಷಕ್ಕೊಮ್ಮೆ ದೇಶದ ಎಲ್ಲ ಕೊಮ್ಯೂನೆಗಳಿಗೂ ಒಟ್ಟಿಗೆ ಚುನಾವಣೆ ನಡೆಯುತ್ತದೆ. ಕಳೆದದ್ದು 2023ರಲ್ಲಿ ಆಯಿತು, ಮುಂದಿನದು 2027ಕ್ಕೆ. ಎಷ್ಟೇ ಚಿಕ್ಕ ಕೊಮ್ಯೂನೆಯಾದರೂ ಸಭೆಯಲ್ಲಿ ಕನಿಷ್ಠ 11 ಸದಸ್ಯರಿರಲೇಬೇಕು. ಹಾಗೆ ನೋಡಿದರೆ ಉತ್ಸಿರಾದಲ್ಲಿ ಹೆಚ್ಚೆಂದರೆ ಹದಿನೆಂಟು ಜನರಿಗೆ ಒಬ್ಬ ಸದಸ್ಯ. ಸಭೆ ತನ್ನೊಳಗಿನಿಂದ ಅಧ್ಯಕ್ಷರನ್ನು ಆರಿಸುತ್ತದೆ, ಅವರನ್ನು ‘ಉರ್ಡ್‌ಫೊರರ್’ ಎನ್ನುತ್ತಾರೆ. ನೌಕರರ ಮೇಲಿನ ಆಡಳಿತ ಮುಖ್ಯಸ್ಥರು ಬೇರೆ, ನಮ್ಮ ಪಿಡಿಒ ಇದ್ದಂತೆ. ಈ ವ್ಯವಸ್ಥೆಯ ಬುಡ 1837ರ ಕಾನೂನಿನಲ್ಲಿದೆ. ಉತ್ಸಿರಾ ಮಾತ್ರ 1924ರವರೆಗೆ ತೂರ್ವಸ್ಟಾಡ್ ಎಂಬ ಕೊಮ್ಯೂನೆಯ ಭಾಗವಾಗಿತ್ತು, ಆ ವರ್ಷ ಬೇರೆಯಾಯಿತು.

ಹತ್ತಿರದ ಉದಾಹರಣೆ ಕೇಳಿದ್ದೀರಿ. ದ್ವೀಪದ ಮೇಲೆ ಸ್ಥಳೀಯ ಸಂಸ್ಥೆ ಎಂದರೆ ಮೊದಲು ನೆನಪಾಗುವುದು ಕಾವೇರಿಯ ನಡುವಿನ ಶ್ರೀರಂಗಪಟ್ಟಣ, ಅಲ್ಲಿ ಪುರಸಭೆಯಿದೆ. ಅದು ಪಟ್ಟಣವಾಯಿತು, ನೀವು ಕೇಳುವ ಹಳ್ಳಿಯ ಲಕ್ಷಣ ಅದಕ್ಕಿಲ್ಲ. ಆದರೂ ಶಿರಾದ ಮಕ್ಕಳಿಗೆ ಆ ದ್ವೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಪೂರ್ವ ತುದಿಯ ಗಂಜಾಂ ಪೇಟೆಗೆ ಜನ ತುಂಬಿಸಲು ಟಿಪ್ಪು ಕಾಲದಲ್ಲಿ ಶಿರಾದಿಂದ 12 ಸಾವಿರ ಕುಟುಂಬಗಳನ್ನು ಎಬ್ಬಿಸಿ ಒಯ್ದರೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ನಿಮ್ಮೂರಿಗೂ ಒಂದು ದ್ವೀಪಕ್ಕೂ ನಂಟು ಹುಡುಕುವುದಾದರೆ ನಾರ್ವೆಗೆ ಹೋಗಬೇಕಿಲ್ಲ.

ಇನ್ನೊಂದು, ಶರಾವತಿ ಹಿನ್ನೀರಿನ ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಅಲ್ಲಿನ ಜನರಿಗೆ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ನೇರ ದಾರಿ ತಪ್ಪಿ, ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚ್ ಹತ್ತಿಯೇ ಓಡಾಡುವಂತಾಯಿತು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಗುವವರೆಗೆ, ಆರು ದಶಕ, ಅದೇ ಸ್ಥಿತಿ. ಜನ ಅದನ್ನು ದ್ವೀಪ ಎಂದೇ ಕರೆದರೂ ಕಟ್ಟುನಿಟ್ಟಾಗಿ ನೋಡಿದರೆ ಪೂರ್ಣ ದ್ವೀಪವಲ್ಲ, ಹಿಂಬದಿಯಿಂದ ಕಾಡು ಸುತ್ತಿ ಬರುವ ನೆಲದ ದಾರಿಯಿದೆ. ನೀರು ಅವರನ್ನು ಬೇರೆ ಮಾಡಿತು, ಆಡಳಿತದ ಗೆರೆ ಮಾತ್ರ ಮೊದಲಿದ್ದಂತೆಯೇ ಸಾಗರ ತಾಲ್ಲೂಕಿನೊಳಗೆ ಉಳಿಯಿತು. ಪಹಣಿಯ ಒಂದು ತಿದ್ದುಪಡಿಗೂ ಲಾಂಚಿನ ಕೊನೆಯ ಸರದಿ ನೋಡಿಕೊಂಡು ಹೊರಡಬೇಕಿತ್ತು.

ತಿಪಟೂರಿನವನು, ಹಡಗಿನ ಕೆಲಸ

ಗುರುಗಳಿಗೆ ನಮಸ್ಕಾರ. ಹಡಗುಗಳ ಎಂಜಿನ್ ದುರಸ್ತಿ ನನ್ನ ಕೆಲಸ. ಎರಡು ವರ್ಷ ಹೌಗೆಸುಂಡ್ ಪಟ್ಟಣದಲ್ಲಿದ್ದೆ. ಉತ್ಸಿರಾಕ್ಕೆ ದೋಣಿ ಹೊರಡುವುದು ಅಲ್ಲಿಂದಲೇ. ಎರಡು ಸಲ ಹೋಗಿ ಬಂದಿದ್ದೇನೆ. ಆಡಳಿತ ಕಾರ್ಯದರ್ಶಿಗಳಷ್ಟು ಗೊತ್ತಿಲ್ಲ, ನೆಲ ನೋಡಿದ್ದೇನೆ.

ದ್ವೀಪ ಕರಾವಳಿಯಿಂದ ಸುಮಾರು 18 ಕಿ.ಮೀ. ಪಶ್ಚಿಮಕ್ಕಿದೆ. ಫೆರಿಯಲ್ಲಿ ಒಂದು ಗಂಟೆಗೆ ಹತ್ತು ನಿಮಿಷ ಮೇಲೆ ಹಿಡಿಯುತ್ತದೆ. ನಾರ್ವೆಯ ಕರಾವಳಿಯ ಸಾವಿರಾರು ದ್ವೀಪಗಳು ಒಂದರ ಬೆನ್ನಿಗೊಂದು ಅಡ್ಡ ನಿಂತು ಅಲೆಯನ್ನು ತಡೆಯುತ್ತವೆ. ಉತ್ಸಿರಾಕ್ಕೆ ಆ ಮರೆಯಿಲ್ಲ, ಅದು ಒಂಟಿ. ಒಳಗಿನ ಜಲಮಾರ್ಗ ದಾಟಿ ಬಯಲು ಸಮುದ್ರಕ್ಕೆ ಬೀಳುತ್ತಿದ್ದಂತೆ ಮೇಜಿನ ಮೇಲಿದ್ದ ಕಾಫಿ ಲೋಟ ತಾನಾಗಿಯೇ ಜರುಗಿತು. ಎದುರಿಗೆ ಕೂತಿದ್ದ ಹೆಂಗಸು ಹೆಣಿಗೆ ನಿಲ್ಲಿಸದೆಯೇ ಒಂದು ಕೈಯಲ್ಲಿ ಅದನ್ನು ಹಿಡಿದು ನನ್ನ ಕಡೆಗೆ ತಳ್ಳಿದಳು.

ಭೂಸ್ವರೂಪ ಸರಳವಾಗಿದೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬೋಳು ಬಂಡೆಯ ಗುಡ್ಡ, ನಡುವೆ ತಗ್ಗಾದ ಕಣಿವೆ. ಆ ಕಣಿವೆ ದಕ್ಷಿಣ ಮತ್ತು ಉತ್ತರದಲ್ಲಿ ಸಮುದ್ರ ಮುಟ್ಟುವ ಎರಡೂ ಕಡೆ ಒಂದೊಂದು ಬಂದರು. ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದು ಬಂದರಾದರೂ ಮರೆಯಲ್ಲಿರುತ್ತದೆ ಎಂಬುದೇ ಆ ಊರು ಅಲ್ಲಿ ಹುಟ್ಟಿ ಉಳಿಯುವುದಕ್ಕೆ ಕಾರಣವೆಂದು ನನ್ನ ಅನಿಸಿಕೆ. ಮನೆ, ಶಾಲೆ, ಹೊಲ ಎಲ್ಲ ಆ ತಗ್ಗಿನಲ್ಲೇ ಇವೆ. ಅತಿ ಎತ್ತರದ ಜಾಗ 70 ಮೀಟರಿನ ಆಸುಪಾಸು ಇರಬೇಕು, ನಮ್ಮ ಕಡೆಯ ಗುಡ್ಡಗಳ ಮುಂದೆ ಅದು ದಿಬ್ಬವೇ ಸರಿ. ತೆಂಗಿನ ತೋಟದೊಳಗೆ ಬೆಳೆದ ನನಗೆ ಮೊದಲು ಹೊಳೆದದ್ದು ಮರಗಳಿಲ್ಲದಿರುವುದು. ನೆಟ್ಟು ಉಳಿಸಿಕೊಂಡ ಕೆಲವನ್ನು ಬಿಟ್ಟರೆ ಹುಲ್ಲು, ಕಲ್ಲು, ಕುರಿ. ಹೊಲದ ಕಲ್ಲನ್ನೇ ಆಯ್ದು ಕಟ್ಟಿದ ಒಣಗೋಡೆಗಳು ಮಾತ್ರ ನಮ್ಮ ಕಡೆಯ ಕಲ್ಲುಬೇಲಿಯಂತೆಯೇ ಕಂಡವು.

ಪಶ್ಚಿಮ ಗುಡ್ಡದ ಮೇಲೆ 1844ರ ದೀಪಸ್ತಂಭವಿದೆ. ಕಟ್ಟಿದಾಗ ಜೋಡಿ ಗೋಪುರ, ಈಗ ಉರಿಯುವುದು ಒಂದೇ. ಬ್ರಿಟನ್ನಿನ ರೇಡಿಯೊದಲ್ಲಿ ಹಡಗುಗಳಿಗೆ ಹವಾಮಾನ ಓದುವಾಗ ‘ಉತ್ತರ ಉತ್ಸಿರಾ, ದಕ್ಷಿಣ ಉತ್ಸಿರಾ’ ಎಂದು ಎರಡು ಸಮುದ್ರವಲಯಗಳ ಹೆಸರು ಬರುತ್ತದೆ. 1984ರಿಂದ ಹೀಗಿದೆ. ಹಡಗಿನವರಿಗೆಲ್ಲ ಹೆಸರು ಗೊತ್ತು, ಇಳಿದು ನೋಡಿದವರು ಕಡಿಮೆ. ವಲಸೆ ಹಕ್ಕಿಗಳಿಗೆ ಮಾತ್ರ ಅದು ದೊಡ್ಡ ನಿಲ್ದಾಣ, 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಅಲ್ಲಿ ಕಂಡಿದ್ದಾರೆ.

ಹೆಸರಿನ ವಿಚಾರ. ‘ಉತ್’ ಎಂದರೆ ಅವರ ಭಾಷೆಯಲ್ಲಿ ಹೊರಗಿನ, ಆಚೆಯ ಎಂದರ್ಥ, ಅದು ಆಮೇಲೆ ಸೇರಿದ್ದು. ಮೂಲದ ಹೆಸರು ಬರೀ ‘ಸಿರಾ’ದಂಥದ್ದೇ. ಅಲ್ಲಿನ ಒಂದು ಗುಡ್ಡದ ಹೆಸರು ಇವತ್ತಿಗೂ ‘ಸಿರಾಹೈಯಾ’. ನಮ್ಮ ಶಿರಾಕ್ಕೂ ಅದಕ್ಕೂ ಸದ್ದು ಬಿಟ್ಟರೆ ಬೇರೆ ನಂಟಿಲ್ಲವೆಂದು ಮಗುವಿಗೆ ಧೈರ್ಯವಾಗಿ ಹೇಳಬಹುದು.

ಆಡಳಿತಕ್ಕೂ ನೆಲಕ್ಕೂ ಏನು ನಂಟು ಎಂದಿರಿ. ಬಿರುಗಾಳಿಯಲ್ಲಿ ಫೆರಿ ನಿಂತರೆ ಆ ದಿನ ದ್ವೀಪದಲ್ಲಿ ಏನಿದೆಯೋ ಅಷ್ಟೇ. ಬೆಂಕಿ ಬಿದ್ದರೆ ಆರಿಸುವವರು ಅಲ್ಲೇ ಇರಬೇಕು, ಚಿಕ್ಕ ಮಕ್ಕಳ ಶಾಲೆ ಅಲ್ಲೇ ನಡೆಯಬೇಕು. ಹಾಗೆಂದು ಎಲ್ಲವೂ ಅಲ್ಲಿಲ್ಲ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮುಂದಿನ ಓದಿಗೆ ಹದಿನಾರನೆಯ ವಯಸ್ಸಿಗೇ ಮನೆ ಬಿಟ್ಟು ದಡಕ್ಕೆ ಹೋಗಬೇಕು. ಆ ಹಂತದ ಶಾಲೆ ಮತ್ತು ಸಾರ್ವಜನಿಕ ಸಾರಿಗೆ ಎರಡೂ ರೋಗಲಾಂಡ್ ಕೌಂಟಿಯ ಹೊಣೆ, ಆಸ್ಪತ್ರೆ ಕೇಂದ್ರ ಸರ್ಕಾರದ್ದು. ಫೆರಿಯ ವೇಳಾಪಟ್ಟಿ ಬದಲಾದರೆ ಊರಿನ ಬದುಕೇ ಬದಲಾಗುತ್ತದೆ, ಆದರೆ ಕೊನೆಯ ಮಾತು ಊರಿನದಲ್ಲ. ಬಂದರಿನ ಕಟ್ಟೆಯ ಮೇಲೆ ನಾನು ಕೇಳಿದ ಮಾತುಕತೆಯಲ್ಲಿ ಮೀನಿನ ನಂತರ ಹೆಚ್ಚು ಬಂದದ್ದು ಫೆರಿಯೇ.

ಪಾವಗಡದ ಮಾಜಿ ಸದಸ್ಯೆ

ಮೇಷ್ಟ್ರೇ, ಉತ್ಸಿರಾ ಎಂದ ಮೇಲೆ 1925ರ ಚುನಾವಣೆಯನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಕೊಮ್ಯೂನೆಯಾದ ಮರುವರ್ಷವೇ ನಡೆದ ಆ ಚುನಾವಣೆಯಲ್ಲಿ ಹನ್ನೆರಡು ಸ್ಥಾನಗಳ ಪೈಕಿ ಹನ್ನೊಂದಕ್ಕೆ ಹೆಂಗಸರು ಆರಿಸಿ ಬಂದರು, ಗಂಡಸು ಒಬ್ಬನೇ. ಆ ಸಭೆ ಸೂಲಗಿತ್ತಿಯಾಗಿದ್ದ ಓಸಾ ಹೆಲ್ಗೆಸೆನ್ ಅವರನ್ನು ಅಧ್ಯಕ್ಷೆಯಾಗಿ ಆರಿಸಿತು. 1926ರಿಂದ 1928ರ ಕೊನೆಯವರೆಗೆ ಅವರು ಆ ಹುದ್ದೆಯಲ್ಲಿದ್ದರು. ಇಡೀ ನಾರ್ವೆಯಲ್ಲೇ ಮೊದಲ ಮಹಿಳಾ ಅಧ್ಯಕ್ಷೆ ಅವರು. ಆ ದೇಶದಲ್ಲಿ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಸಮಾನ ಮತಾಧಿಕಾರ ಬಂದು ಆಗಿನ್ನೂ ಹನ್ನೆರಡು ವರ್ಷವಾಗಿತ್ತಷ್ಟೆ.

ಊರಿನ ಪ್ರತಿ ಮನೆಯ ಒಳಗನ್ನೂ ಬಲ್ಲವಳು ಸೂಲಗಿತ್ತಿ. ಯಾವ ಮನೆಯಲ್ಲಿ ನೀರಿಗೆ ಎಷ್ಟು ದೂರ ನಡೆಯುತ್ತಾರೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅವಳಿಗೆ ವರದಿಯಿಲ್ಲದೆ ಗೊತ್ತಿರುತ್ತದೆ. ಇಂಥವರು ಸಭೆಯ ಕುರ್ಚಿಗೆ ಬಂದದ್ದು ಆ ಊರು ಅಷ್ಟು ಚಿಕ್ಕದಾಗಿದ್ದರಿಂದಲೇ ಸಾಧ್ಯವಾಯಿತು ಎಂದು ನನಗನಿಸುತ್ತದೆ. ಸಭೆ ಮನೆಗೆ ಹತ್ತಿರವಿದ್ದಷ್ಟೂ ಹೆಂಗಸರಿಗೆ ಅದರ ಬಾಗಿಲು ದಾಟುವುದು ಸುಲಭ.

ನಮ್ಮ ರಾಜ್ಯವೂ ಈ ವಿಷಯದಲ್ಲಿ ತಲೆ ತಗ್ಗಿಸಬೇಕಾಗಿಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದ ಕಾಲದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗಲೇ ಹೆಂಗಸರಿಗೆ ಕಾಲುಭಾಗ ಮೀಸಲಿತ್ತು. ಪಂಚಾಯಿತಿಗಳ ಕುರಿತ ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆ ಬಂದದ್ದು ಆಮೇಲೆ. 2010ರಲ್ಲಿ ನಮ್ಮ ರಾಜ್ಯದಲ್ಲಿ ಹೆಂಗಸರ ಮೀಸಲು ಅರ್ಧಕ್ಕೆ ಏರಿತು. ಆ ಅರ್ಧದಲ್ಲೇ ಬಂದವಳು ನಾನು. ಗೆದ್ದ ಮೊದಲ ತಿಂಗಳ ಸಭೆಯಲ್ಲಿ ಸಿಬ್ಬಂದಿಯೊಬ್ಬರು ನನಗೆ ಟೀ ಕೊಟ್ಟು, ಕಡತವನ್ನು ಬಾಗಿಲ ಬಳಿ ನಿಂತಿದ್ದ ನನ್ನ ಯಜಮಾನರ ಕೈಗೆ ಕೊಟ್ಟರು. ಅವರು ಅದನ್ನು ತಂದು ನನ್ನ ಮುಂದಿಟ್ಟು ಹೊರಗೆ ಹೋದರು. ಎಲ್ಲರ ಮನೆಯವರೂ ಹಾಗೆ ಹೊರಗೆ ಹೋಗುವುದಿಲ್ಲ.

ಕಾರ್ಯದರ್ಶಿಗಳು ಶ್ರೀರಂಗಪಟ್ಟಣ, ತುಮರಿ ಎಂದರು. ನಮ್ಮ ಜಿಲ್ಲೆಯ ದ್ವೀಪ ಬಿಟ್ಟೇಹೋಯಿತು, ಅದು ಪಾವಗಡ. ನಕ್ಷೆ ತೆಗೆದು ನೋಡಿ: ಪಾವಗಡ ತಾಲ್ಲೂಕಿನ ಬಹುಪಾಲು ಸುತ್ತ ಆಂಧ್ರ, ಪಶ್ಚಿಮದಲ್ಲಿ ಚಿತ್ರದುರ್ಗ ಜಿಲ್ಲೆ. ಸ್ವಂತ ಜಿಲ್ಲೆಯಾದ ತುಮಕೂರಿಗೆ ಎಲ್ಲಿಯೂ ನೆಲದ ನಂಟಿಲ್ಲ. ಮಧುಗಿರಿ ದಾಟಿ ಬರುವಾಗ ನಡುವೆ ಮಡಕಶಿರಾ ಸೀಮೆಯ ಆಂಧ್ರ ಅಡ್ಡ ಬರುತ್ತದೆ. ಬಸ್ಸಿನಲ್ಲಿ ಕೂತವರಿಗೆ ಅಂಗಡಿ ಬೋರ್ಡುಗಳ ಲಿಪಿ ಬದಲಾಗಿ ಮತ್ತೆ ಕನ್ನಡಕ್ಕೆ ಮರಳಿದಾಗ ಊರು ಬಂತೆಂದು ಗೊತ್ತಾಗುತ್ತದೆ. ನೀರಿನ ಬದಲು ಇನ್ನೊಂದು ರಾಜ್ಯದ ನೆಲ ಸುತ್ತುವರಿದಿದೆ ಅಷ್ಟೇ. ಜಿಲ್ಲಾ ಕಚೇರಿಯ ಒಂದು ರುಜುವಿಗೆ ಇಡೀ ದಿನ ಕಳೆದುಕೊಂಡವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ.

ಇನ್ನೂ ಒಂದು ಹೋಲಿಕೆಯಿದೆ. ಉತ್ಸಿರಾದಲ್ಲಿ 2004ರಲ್ಲಿ ನೋರ್ಸ್ಕ್ ಹೈಡ್ರೊ ಕಂಪನಿ ಗಾಳಿಯಂತ್ರಗಳ ಹೆಚ್ಚುವರಿ ವಿದ್ಯುತ್ತಿನಿಂದ ಜಲಜನಕ ತಯಾರಿಸಿ ಕೂಡಿಟ್ಟು, ಗಾಳಿ ನಿಂತಾಗ ಅದರಿಂದ ಹತ್ತು ಮನೆಗಳಿಗೆ ಕರೆಂಟು ಕೊಡುವ ಪ್ರಯೋಗ ನಡೆಸಿತ್ತು. ಈಗ ದ್ವೀಪದ ಆಚೆಯ ಸಮುದ್ರದಲ್ಲಿ ‘ಉತ್ಸಿರಾ ನೂರ್ಡ್’ ಎಂಬ ವಲಯವನ್ನು ತೇಲುವ ಗಾಳಿಯಂತ್ರಗಳಿಗಾಗಿ ಸರ್ಕಾರ ಗುರುತಿಸಿದೆ, 1,500 ಮೆಗಾವಾಟ್ ಅದರ ಗುರಿ. ನಮ್ಮ ತಿರುಮಣಿ ಸುತ್ತಿನ ಸೌರ ಪಾರ್ಕು 13 ಸಾವಿರ ಎಕರೆ, 2,050 ಮೆಗಾವಾಟ್. ರೈತರು ಜಮೀನು ಮಾರಲಿಲ್ಲ, ವರ್ಷಕ್ಕೆ ಎಕರೆಗೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಕೊಟ್ಟರು. ಬಾಡಿಗೆ ನೇರ ರೈತನಿಗೆ ಬಂತು, ಅದು ಒಳ್ಳೆಯದೇ. ಜಮೀನಿಲ್ಲದ ಕೂಲಿಯವನಿಗೆ ಹೊಲವೂ ಹೋಯಿತು, ಬಾಡಿಗೆಯೂ ಬರಲಿಲ್ಲ. ಉತ್ಸಿರಾದಲ್ಲಿ ಸಮುದ್ರ ಯಾರದು ಎಂದು ತಿಳಿದವರು ಹೇಳಬೇಕು.

ತಿಪಟೂರಿನವನು, ಹಡಗಿನ ಕೆಲಸ

ಅಕ್ಕಾ, ಸಮುದ್ರ ದೇಶದ್ದು. ಕೊಮ್ಯೂನೆಯ ಯೋಜನಾ ಅಧಿಕಾರ ಕರಾವಳಿಯ ಮೂಲರೇಖೆಯಿಂದ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿ.ಮೀ. ಆಚೆಗೆ ಮುಗಿಯುತ್ತದೆ. ಆ ಗಾಳಿ ವಲಯ ಅದಕ್ಕಿಂತ ಬಹಳ ದೂರ. ಹಾಗಾಗಿ ಹೆಸರು ಊರಿನದು, ಅಪ್ಪಣೆ ಓಸ್ಲೊದ್ದು. ಅದು ಬಂದರೆ ತಮ್ಮ ಬಂದರಿಗೆ ಕೆಲಸ ಸಿಕ್ಕೀತು, ಹುಡುಗರು ಊರಿಗೆ ಮರಳಿಯಾರು ಎಂದು ಲೆಕ್ಕ ಹಾಕುವವರನ್ನೂ, ಹಕ್ಕಿಗಳಿಗೆ, ಮೀನುಗಾರಿಕೆಗೆ ಏನಾದೀತೋ ಎನ್ನುವವರನ್ನೂ ಕಂಡೆ.

ಶಿರಾ ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ನನ್ನ ಸಂದೇಹ ಇನ್ನೊಂದಿದೆ. ಸುಮಾರು 200 ಜನರ ತೆರಿಗೆಯಿಂದ ಶಾಲೆ, ವೈದ್ಯ, ದಾದಿ, ಅಗ್ನಿಶಾಮಕ ಎಲ್ಲವನ್ನೂ ನಡೆಸುವುದು ಹೇಗೆ ಸಾಧ್ಯ? ದುಡ್ಡು ಮೇಲಿನಿಂದಲೇ ಬರುವುದಾದರೆ ಸ್ವಾಯತ್ತತೆ ಎಂಬುದು ಹೆಸರಿಗಷ್ಟೇ ಅಲ್ಲವೇ? ಪಕ್ಕದ ದೊಡ್ಡ ಊರಿನೊಂದಿಗೆ ವಿಲೀನ ಮಾಡಿದರೆ ಖರ್ಚು ಉಳಿಯುವುದಿಲ್ಲವೇ?

ಗುಬ್ಬಿ ನಿವೃತ್ತ ಕಾರ್ಯದರ್ಶಿ

ಸರಿಯಾದ ಜಾಗಕ್ಕೆ ಕೈಯಿಟ್ಟಿರಿ. ಕೊಮ್ಯೂನೆಗಳಿಗೆ ನಿವಾಸಿಗಳ ಆದಾಯ ತೆರಿಗೆಯಲ್ಲಿ ಒಂದು ಪಾಲು ಬರುತ್ತದೆ. ಸಭೆ ತೀರ್ಮಾನಿಸಿದರೆ ಆಸ್ತಿ ತೆರಿಗೆ ಹಾಕಬಹುದು. ಉಳಿದದ್ದು ಕೇಂದ್ರದ ಅನುದಾನ. ಆ ಅನುದಾನದ ಲೆಕ್ಕದಲ್ಲಿ ಮಕ್ಕಳೆಷ್ಟು, ವೃದ್ಧರೆಷ್ಟು, ಮನೆಗಳು ಎಷ್ಟು ಚದುರಿವೆ ಎಂಬುದನ್ನೆಲ್ಲ ತೂಗುತ್ತಾರೆ. ಅತಿ ಚಿಕ್ಕ ಕೊಮ್ಯೂನೆಗಳಿಗೆ ಅದರ ಮೇಲೆ ಹೆಚ್ಚುವರಿ ಮೊತ್ತವೂ ಇದೆ. ಹೀಗಾಗಿ ಉತ್ಸಿರಾದಂಥ ಊರು ತನ್ನ ಸ್ವಂತ ತೆರಿಗೆಯಿಂದಲೇ ಬದುಕುತ್ತಿದೆ ಎಂದರೆ ಸುಳ್ಳಾಗುತ್ತದೆ.

ಆದರೆ ಅನುದಾನಕ್ಕೂ ಅನುದಾನಕ್ಕೂ ವ್ಯತ್ಯಾಸವಿದೆ. ಅಲ್ಲಿ ಬರುವುದರ ಬಹುಭಾಗ ಇಡಿಗಂಟು, ಕಾನೂನಿನ ಹೊಣೆಗಳನ್ನು ಪೂರೈಸಿ ಯಾವುದಕ್ಕೆ ಎಷ್ಟು ಎಂಬುದನ್ನು ಸಭೆಯೇ ಹಂಚುತ್ತದೆ. ನಮಗೆ 15ನೆಯ ಹಣಕಾಸು ಆಯೋಗದ ಅನುದಾನ ಬಂದಾಗ ಶೇ. 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂದು ಮೇಲೆಯೇ ಕಟ್ಟಿ ಕಳಿಸಿದ್ದರು. ಉದ್ದೇಶ ಕೆಟ್ಟದ್ದೆನ್ನಲಾರೆ, ಆದರೆ ಯಾವ ಹಟ್ಟಿಗೆ ಮೊದಲು ಏನು ಬೇಕು ಎಂದು ಯೋಚಿಸುವ ಅಭ್ಯಾಸವೇ ಪಂಚಾಯಿತಿಗೆ ತಪ್ಪುತ್ತದೆ. ಸದಸ್ಯರು ನನ್ನನ್ನು ಕೇಳುತ್ತಿದ್ದ ಪ್ರಶ್ನೆ “ಏನು ಮಾಡೋಣ?” ಎಂಬುದಲ್ಲ, “ಇದರಲ್ಲಿ ಏನು ಮಾಡಕ್ಕೆ ಬರ್ತದೆ?” ಎಂಬುದು.

ವಿಲೀನದ ಮಾತು ಅಲ್ಲಿಯೂ ಜೋರಾಗಿಯೇ ನಡೆಯಿತು. 2014ರಿಂದ ಸರ್ಕಾರ ಚಿಕ್ಕ ಕೊಮ್ಯೂನೆಗಳನ್ನು ಒಂದುಗೂಡಿಸಲು ಹೊರಟು, ಆಗ 428 ಇದ್ದದ್ದು 2020ರ ಜನವರಿ 1ಕ್ಕೆ 356ಕ್ಕೆ ಇಳಿಯಿತು. ಉತ್ಸಿರಾ ಮಾತ್ರ ಉಳಿಯಿತು. ಸಮುದ್ರದ ಆಚೆಗಿನ ಊರನ್ನು ವಿಲೀನ ಮಾಡಿದರೂ ಶಾಲೆ, ಅಗ್ನಿಶಾಮಕ ದ್ವೀಪದಲ್ಲೇ ಇರಬೇಕು, ಆದ್ದರಿಂದ ಉಳಿಯುವ ಖರ್ಚು ಕಚೇರಿಯದು ಮಾತ್ರ ಎಂಬುದು ನನ್ನ ಎಣಿಕೆ. ತಜ್ಞರ ಅಗತ್ಯವಿರುವ ಕೆಲಸಗಳನ್ನು ನೆರೆಯ ದೊಡ್ಡ ಕೊಮ್ಯೂನೆಗೆ ಒಪ್ಪಂದದ ಮೇಲೆ ವಹಿಸುವುದಕ್ಕೆ ಅಲ್ಲಿನ ಕಾನೂನಿನಲ್ಲಿ ಅವಕಾಶವೂ ಇದೆ.

ತೊಂದರೆಗಳೂ ಸಣ್ಣವಲ್ಲ. ಇಷ್ಟು ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ತನ್ನ ಹತ್ತಿರದ ಸಂಬಂಧಿಯ ವಿಷಯ ಬಂದಾಗ ಸದಸ್ಯ ಆ ತೀರ್ಮಾನದಿಂದ ಹೊರಗಿರಬೇಕೆಂಬ ನಿಯಮ ಅಲ್ಲಿದೆ. ಹನ್ನೊಂದು ಜನರ ಸಭೆಯಲ್ಲಿ ಒಬ್ಬ ಮೀನುಗಾರನ ಗೋದಾಮಿನ ಅರ್ಜಿ ಬಂದರೆ ಒಳಗೆ ಉಳಿಯುವವರು ಎಷ್ಟು ಮಂದಿ ಎಂದು ಊಹಿಸಿ ನೋಡಿ. ಒಬ್ಬ ಶಿಕ್ಷಕಿ ಊರು ಬಿಟ್ಟರೆ ಶಾಲೆಯ ದೊಡ್ಡ ಭಾಗವೇ ಹೋದಂತೆ. ಎರಡು ಸಂಸಾರ ದಡಕ್ಕೆ ಹೋದರೆ ಜನಗಣತಿಯಲ್ಲೇ ಕಾಣುತ್ತದೆ.

ಒಂದಂತೂ ಇದೆ, ಅಲ್ಲಿ ಚುನಾವಣೆ ತಪ್ಪುವುದಿಲ್ಲ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದ್ದನ್ನು ನೀವೂ ನೋಡಿದ್ದೀರಿ. ಲಕ್ಷಗಟ್ಟಲೆ ಜನರ ಜಿಲ್ಲೆಗೆ ಚುನಾಯಿತ ಸಭೆಯಿಲ್ಲದ ಆ ದಿನಗಳಲ್ಲಿ ಸುಮಾರು 200 ಜನರ ಆ ಬಂಡೆಯ ಮೇಲೆ 2023ರ ಸೆಪ್ಟೆಂಬರಿನಲ್ಲಿ ಮತದಾನ ನಡೆಯಿತು.

ಶಿರಾ ಮೇಷ್ಟ್ರು

ನಿನ್ನೆ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಹೆಸರಿನ ನಂಟಿಲ್ಲವೆಂದಾಗ ಆ ಹುಡುಗಿಯ ಮುಖ ಸ್ವಲ್ಪ ಬಾಡಿತು, ಗಂಜಾಂ ಕತೆ ಕೇಳಿ ಅರಳಿತು. ಪಾವಗಡವನ್ನು ನಕ್ಷೆಯಲ್ಲಿ ಬಣ್ಣ ಹಚ್ಚಿ ತೋರಿಸಿದಾಗ ಹಿಂದಿನ ಬೆಂಚಿನಿಂದ “ಹಾಗಾದ್ರೆ ಅಲ್ಲಿಗೆ ಹೋಗಕ್ಕೆ ಪಾಸ್‌ಪೋರ್ಟ್ ಬೇಕಾ ಸಾರ್?” ಎಂಬ ಪ್ರಶ್ನೆಯೂ ಬಂತು.

ಶನಿವಾರ ತರಗತಿಯಲ್ಲಿ ಹನ್ನೊಂದು ಮಕ್ಕಳ ಸಭೆ ಕೂರಿಸುವುದೆಂದು ತೀರ್ಮಾನವಾಗಿದೆ. ದ್ವೀಪದ ಶಾಲೆಗೆ ಹೊಸ ಶಿಕ್ಷಕರೋ, ಅಗ್ನಿಶಾಮಕ ದೋಣಿಯೋ, ಇರುವ ದುಡ್ಡು ಒಂದಕ್ಕೆ ಮಾತ್ರ ಸಾಕು ಎಂಬುದು ವಿಷಯ. ಉಳಿದ ಮಕ್ಕಳು ಊರಿನವರು. ಅಧ್ಯಕ್ಷೆಯಾಗಿ ಯಾರನ್ನು ಆರಿಸುತ್ತಾರೋ ನೋಡಬೇಕು, ಪೆನ್ಸಿಲ್ಲಿನಲ್ಲಿ ದ್ವೀಪ ಬರೆದು ತಂದವಳು ಈಗಾಗಲೇ ಮತ ಕೇಳಲು ಶುರುಮಾಡಿದ್ದಾಳೆ.